ಸಾಲದ ಸೂತಕ

ಗಬ್ಬೂರಿನ ಶಿದ್ದಪ್ಪನ ಮನೆಯಲ್ಲಿ ಬೆಳಗು ಉಳಿದೆಲ್ಲ ಮನೆಗಳಲ್ಲಿ ಆಗುವಂತೆಯೇ ಆಗುತ್ತಿತ್ತು. ಹೆಂಡತಿ ಹೊಳೆವ್ವ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆಯುತ್ತಿದ್ದಳು. ಸೊಸೆ ಜಯಾ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೊಮ್ಮಗಳು ಭುವನೇಶ್ವರಿ ಕಣ್ಣು ತಿಕ್ಕಿಕೊಂಡು ಏಳುತ್ತಿದ್ದಳು. ಮಗ ಹನಮೇಶ ಬುತ್ತಿಯ ಗಂಟನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ದುರ್ಗದಬೈಲಿನ ತನ್ನ ಹೊಲಿಗೆ ಅಂಗಡಿಗೆ ಹೊರಡುತ್ತಿದ್ದ. ಗಿರಣಿಯಲ್ಲಿ ಕೂಲಿಗಳ ಮೇಲೆ ಮುಕಾದಮನಾಗಿದ್ದು ಈಗ ಮನೆಯಲ್ಲೇ ಕೂತ ಶಿದ್ದಪ್ಪ ಮಿಂದು, ಹಣೆಗೆ ವಿಭೂತಿ ಹಚ್ಚಿ, ದೇವರ ಮುಂದೆ ಗಂಟೆ ಬಾರಿಸುತ್ತಿದ್ದ. ದೇವರು ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ಓಣಿಯವರಂತೂ ಕೇಳಿಸಿಕೊಳ್ಳುತ್ತಿದ್ದರು.

ಒಂದೇ ಒಂದು ವ್ಯತ್ಯಾಸವಿತ್ತು. ಅಡುಗೆಮನೆಯಲ್ಲಿ, ಒಲೆಯ ಮೇಲ್ಗಡೆಯ ಗೋಡೆಗೆ, ಒಂದು ದೊಡ್ಡ ಕಬ್ಬಿಣದ ಕಡಾಯಿ ಗೋಡೆಯ ಕಡೆ ಮುಖ ಮಾಡಿಕೊಂಡು ಮೊಳೆಗೆ ತೂಗುಬಿದ್ದಿತ್ತು. ಭುವನೇಶ್ವರಿಗೆ ತಿಳಿವಳಿಕೆ ಬಂದಾಗಿನಿಂದ ಅದು ಕೆಳಗಿಳಿದದ್ದನ್ನು ಅವಳು ಕಂಡಿರಲಿಲ್ಲ. ಸಣ್ಣವಳಿದ್ದಾಗ ಅದೂ ಒಂದು ದೇವರೆಂದು ತಿಳಿದು ಕೈ ಮುಗಿಯುತ್ತಿದ್ದಳು. "ಆಯಿ, ಈ ದೇವ್ರಿಗೆ ಹೂವ ಏರ್ಸೂದಿಲ್ಲೇನು?" ಎಂದು ಅವಳು ಕೇಳಿದಾಗ ಹೊಳೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹೊರಗಿನ ಕಟ್ಟೆಯಿಂದ ಶಿದ್ದಪ್ಪ ಕೆಮ್ಮಿದ್ದ.

ಆ ಕಡಾಯಿ ಗೋಡೆಗೆ ಏರಿದ್ದು ೧೯೯೭ರಲ್ಲಿ, ಮಗಳು ಶಾಂತವ್ವನ ಮದುವೆ ಮುಗಿದ ಮರುದಿನ. ಬೀಗರು ಹೆಚ್ಚೇನೂ ಕೇಳಿರಲಿಲ್ಲ. ಕೇಳಿದ್ದೆಲ್ಲ ಶಿದ್ದಪ್ಪನ ಮನಸ್ಸು. ತನ್ನ ಹುಟ್ಟೂರು ಅಮ್ಮಿನಬಾವಿಯ ಬಳಗವೆಲ್ಲ ಲಾರಿ ತುಂಬಿ ಬರಬೇಕು, ಎರಡು ದಿನ ಬುಂದೆಲಾಡು ಬಡಿಸಬೇಕು, ಬಂದ ಗಂಡಸಿಗೆಲ್ಲ ಧೋತರ, ಹೆಂಗಸಿಗೆಲ್ಲ ಸೀರೆ ಆಯಾರ ಮಾಡಬೇಕು. ಆಯಾರವೆಂದರೆ ಗೊತ್ತಲ್ಲ, ಮದುವೆಯಲ್ಲಿ ನಂಟರಿಗೆ ಬಟ್ಟೆ ಉಡಿಸುವ ಕೊಡುಗೆ. ಇಂದು ಕೊಟ್ಟರೆ ನಾಳೆ ಅವರು ಕೊಡಬೇಕು, ಅವರು ಕೊಟ್ಟರೆ ನಾಡಿದ್ದು ನಾವು ಕೊಡಬೇಕು. ದೂರದ ನಂಟ ಫಕ್ಕೀರಪ್ಪನ ಕಡೆಯಿಂದ ಎಂಬತ್ತು ಸಾವಿರ ಸಾಲ ಬಂತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಚಪ್ಪರ ಬಿಚ್ಚಿದ ಮೇಲೆ ಶಿದ್ದಪ್ಪ ಕಡಾಯಿಯನ್ನು ತಿಕ್ಕಿಸಿ, ಒರೆಸಿ, ತಾನೇ ಮೊಳೆ ಹೊಡೆದು ಬೋರಲಾಗಿ ತೂಗುಹಾಕಿದ.

"ಸಾಲ ಅಂದ್ರ ಸೂತಕ," ಎಂದ. "ನಮ್ಮಜ್ಜ ಹಿಂಗ ಮಾಡಿದ್ದ, ನಮ್ಮಪ್ಪ ಹಿಂಗ ಮಾಡಿದ್ದ. ಸಾಲ ಹರಿಯೂತನಕ ಈ ಮನ್ಯಾಗ ಎಣ್ಣಿ ಕಾಯಂಗಿಲ್ಲ, ಬೆಲ್ಲ ಕರಗಂಗಿಲ್ಲ. ಹೊಸಾ ಅರಿವಿ ಇಲ್ಲ, ಹಬ್ಬ ಇಲ್ಲ, ಸೊಸಿಗೆ ತವರಮನಿ ಇಲ್ಲ. ಈ ಮನ್ಯಾಗ ಸಾಲದ ಸಂಕಟ ಐತಿ ಅಂತ ಮಂದಿಗೆ ಕಾಣಬೇಕು."

ಸಾವಿನ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ. ಅದು ಹೋದವರಿಗೆ ತೋರುವ ಮರ್ಯಾದೆ. ಹಿರಿಯರು ಅದಕ್ಕೊಂದು ಗಡುವನ್ನೂ ಇಟ್ಟರು: ಹನ್ನೊಂದು ದಿನ ಅಳಿರಿ, ಆಮೇಲೆ ಮಿಂದು ಒಲೆ ಹೊತ್ತಿಸಿರಿ ಎಂದರು. ದುಃಖಕ್ಕೂ ಹನ್ನೊಂದು ದಿನ ಸಾಕೆಂದು ತಿಳಿದ ಆ ಪುಣ್ಯಾತ್ಮರ ಹೆಸರು ಹೇಳಿಕೊಂಡು ಶಿದ್ದಪ್ಪ ಜೀವಂತ ನಾಲ್ವರ ಮೇಲೆ ಆರು ವರ್ಷದ ಸೂತಕ ಹೇರಿದ. ಪಂಚಮಿಗೆ ಓಣಿಯ ಹುಡುಗಿಯರೆಲ್ಲ ಉಂಡಿ ಹಿಡಿದುಕೊಂಡು ಜೋಕಾಲಿ ಆಡುವಾಗ ಭುವನೇಶ್ವರಿ ಬಾಗಿಲಲ್ಲಿ ನಿಂತು ನೋಡಿದಳು. ಜಯಾಳ ತಂದೆ ಜಡ್ಡಾಗಿ ಮಲಗಿದಾಗ ಅವಳು ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬಂದಳು.

ಆ ಮನೆಯಲ್ಲಿ ಚಹಾಕ್ಕೂ ಸಕ್ಕರೆ ಬೀಳುತ್ತಿರಲಿಲ್ಲ. ಒಬ್ಬನ ಚಹಾಕ್ಕೆ ಮಾತ್ರ ಬೀಳುತ್ತಿತ್ತು. ತಿಂಗಳ ಮೊದಲ ತಾರೀಖಿಗೆ ಬಡ್ಡಿಗೆಂದು ಬರುವ ಫಕ್ಕೀರಪ್ಪನಿಗೆ ಜಯಾ ಎರಡು ಚಮಚ ಸಕ್ಕರೆ ಹಾಕಿ ಕೊಡಬೇಕಿತ್ತು. ಅವನು ಬಸಿಯಲ್ಲಿ ಸುರುವಿಕೊಂಡು ಸೊರ್ರೆಂದು ಕುಡಿದು, ಗೋಡೆಯ ಕಡಾಯಿಯನ್ನು ಬಗ್ಗಿ ನೋಡಿ, "ಸಾಲಗಾರ ಅಂದ್ರ ಹಿಂಗಿರಬೇಕು ನೋಡ್ರಿ ಶಿದ್ದಣ್ಣಾ! ಮಂದಿಗೆ ನಿಮ್ಮನ್ನ ತೋರಿಸಿ ಬುದ್ಧಿ ಹೇಳ್ತೇನಿ," ಎನ್ನುತ್ತಿದ್ದ. ಶಿದ್ದಪ್ಪನ ಎದೆ ಉಬ್ಬುತ್ತಿತ್ತು. ಅಸಲು ಮಾತ್ರ ಬೇಗ ಇಳಿಯುತ್ತಿರಲಿಲ್ಲ. ಆರು ವರ್ಷ ಕಡಾಯಿ ಗೋಡೆಗೆ ನೇತಾಡಿದರೂ ಇನ್ನೂ ಐವತ್ತೈದು ಸಾವಿರ ಉಳಿದಿತ್ತು.

ಯಾಕೆ ಬೇಗ ಇಳಿಯಲಿಲ್ಲ ಎಂಬುದು ಜಯಾಳಿಗೆ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಸೊಸೆ ಅಸಲಿನ ಮಾತು ಎತ್ತುವಂತಿರಲಿಲ್ಲ.

೨೦೦೨ರ ರಮಜಾನ್ ಹಬ್ಬದ ದಿನ ಮಗ್ಗುಲ ಮನೆಯ ಮಾಬೂಬಿ ಭುವನೇಶ್ವರಿಯನ್ನು ಒಳಗೆ ಕರೆದು ಸುರಕುಂಬಾ ಕೊಟ್ಟಳು. ಹಾಲು, ಶಾವಿಗೆ, ಒಣ ಖರ್ಜೂರ ಹಾಕಿ ಕುದಿಸಿದ್ದು. ಹುಡುಗಿ ಬಟ್ಟಲನ್ನು ನೆಕ್ಕಿ, ಬೆರಳನ್ನು ನೆಕ್ಕಿ, ಕುಣಿಯುತ್ತ ಮನೆಗೆ ಬಂದಳು. ಶಿದ್ದಪ್ಪ ಅವಳ ಕೈ ಮೂಸಿ ನೋಡಿದ.

"ಏನ ತಿಂದಿ?"

"ಸುರಕುಂಬಾ, ಅಜ್ಜಾ. ಗೋಡಂಬಿನೂ ಇತ್ತು!"

ರಪ್ಪನೆ ಏಟು ಬಿತ್ತು. ನೀರಿನ ಹೌದದ ಹತ್ತಿರ ಎಳೆದೊಯ್ದು, ಹುಡುಗಿ ವಾಂತಿ ಮಾಡಿಕೊಳ್ಳುವವರೆಗೆ ಬಾಯಿ ಮುಕ್ಕಳಿಸುವಂತೆ ಮಾಡಿದ. ಗೋಡೆಯಾಚೆಯಿಂದ ಮಾಬೂಬಿ ಕೂಗಿದಳು: "ಶಿದ್ದಣ್ಣಾ, ಕೂಸರೀ ಅದು! ನಂದ ತಪ್ಪಾತು, ನನಗ ಬೈರಿ."

"ನಿಂದೇನ ತಪ್ಪಿಲ್ಲವಾ. ನಮ್ಮ ಮನಿ ಸೂತಕ ನಮಗ ಗೊತ್ತಿರಬೇಕು," ಎಂದ ಶಿದ್ದಪ್ಪ, ಬಲು ಶಾಂತವಾಗಿ.

ಮುಂದಿನ ತಿಂಗಳು ಜನವರಿ ಇಪ್ಪತ್ತಾರರಂದು ಶಾಲೆಯಲ್ಲಿ ಧ್ವಜ ಏರಿಸಿ ಪೇಡೆ ಹಂಚಿದರು. ಭುವನೇಶ್ವರಿ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬ್ಯಾಡ್ರಿ ಟೀಚರ್. ನಮ್ಮ ಮನ್ಯಾಗ ಸೂತಕ."

ಟೀಚರು ತಲೆ ಸವರಿ, "ಅಯ್ಯ ಕೂಸ, ಯಾರ ತೀರಿಕೊಂಡ್ರವಾ?" ಎಂದು ಕೇಳಿದರು.

"ಗೊತ್ತಿಲ್ರಿ," ಎಂದಿತು ಮಗು.

ಯಾರು ತೀರಿಕೊಳ್ಳಬೇಕೋ ಅವರು ಆಗಲೇ ತಯಾರಾಗುತ್ತಿದ್ದರು. ಹೊಳೆವ್ವನಿಗೆ ಬೇಸಿಗೆಯ ಹೊತ್ತಿಗೆ ಊಟ ಸೇರದಾಯಿತು. ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಹನಮೇಶ ದವಾಖಾನೆಗೆ ಕರೆದೊಯ್ದ. ಫೋಟೋ ತೆಗೆದು, ರಕ್ತ ನೋಡಿ, ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದರು: ಹೊಟ್ಟೆಯಲ್ಲಿ ಗಡ್ಡೆ ಇದೆ, ಕೈ ಮೀರಿದೆ, ಹೆಚ್ಚೆಂದರೆ ಎರಡು ತಿಂಗಳು. "ಪಥ್ಯ ಏನೂ ಬ್ಯಾಡ. ಏನ ಬೇಡ್ತಾರ ಅದನ್ನ ಮಾಡಿ ಹಾಕ್ರಿ."

ಹೊಳೆವ್ವನಿಗೆ ಯಾರೂ ಹೇಳಲಿಲ್ಲ. ಆದರೂ ಅವಳಿಗೆ ತಿಳಿದಿತ್ತು. ಕಾರ ಹುಣ್ಣಿಮೆಗೆ ಎಂಟು ದಿನ ಇರುವಾಗ, ತಲೆ ಬಾಚುತ್ತಿದ್ದ ಸೊಸೆಯ ಕೈ ಹಿಡಿದು, ಸಣ್ಣ ಹುಡುಗಿಯ ಹಾಗೆ ನಾಚಿಕೊಂಡು ಹೇಳಿದಳು:

"ಯವ್ವಾ ಜಯಾ, ಒಂದ ಕರಿಗಡಬ ತಿನ್ನಬೇಕನಸೇತಿ ನೋಡ. ಕಡ್ಲಿಬ್ಯಾಳಿ ಹೂರಣದ್ದು. ಈಗಷ್ಟ ಎಣ್ಣ್ಯಾಗಿಂದ ತಗದಿರಬೇಕು, ನಾಲಗಿ ಸುಡಬೇಕು."

ಜಯಾ ಕಣ್ಣೊರೆಸಿಕೊಂಡು, "ಮಾಬೂಬಿಕ್ಕನ ಮನ್ಯಾಗ ಮಾಡಿ ಸೆರಗಿನ್ಯಾಗ ಮುಚ್ಚಿಕೊಂಡ ಬರ್ತೇನ್ರಿ ಅತ್ತ್ಯಾರ. ಮಾವಾರು ಗುಡಿಗೆ ಹೋದಾಗ ತಿನ್ರಿ," ಎಂದಳು.

ಹೊಳೆವ್ವ ತಲೆ ಅಲ್ಲಾಡಿಸಿದಳು. ನಲವತ್ತು ವರ್ಷ ಗಂಡನಿಗೆ ಎದುರಾಡದ ಆ ಹೆಂಗಸಿನ ದನಿ ಅವತ್ತು ಗಟ್ಟಿಯಾಗಿತ್ತು. "ಕದ್ದ ತಿನ್ನಾಕ ನಾ ಏನ ಕಳವ ಮಾಡೇನೇನು? ನನ್ನ ಮನ್ಯಾಗ, ನನ್ನ ಒಲಿ ಮುಂದ ಕುಂತು ತಿಂತೇನಿ. ಇಲ್ಲಂದ್ರ ಬ್ಯಾಡ."

ಅಂದೇ ಸಂಜೆ ಜಯಾ ಮಾವನ ಮುಂದೆ ನಿಂತಳು. ಹನಮೇಶನೂ ಬಾಗಿಲಿಗೆ ಒರಗಿ ನಿಂತಿದ್ದ. ಶಿದ್ದಪ್ಪ ಅಮ್ಮಿನಬಾವಿಯಿಂದ ಬಂದ ಲಗ್ನಪತ್ರಿಕೆ ಓದುತ್ತಿದ್ದ.

"ಹನಮ್ಯಾ, ತಮ್ಮನ ಮಗನ ಮದುವಿ. ಛಲೋದೊಂದು ಸೀರಿ, ಜರಿ ಅಂಚಿನ ಧೋತರ ತಗೋ. ಹನ್ನೆರಡನೂರಕ್ಕ ಕಡಿಮಿ ಆಗಬಾರದು, ನೋಡು. ಅವರು ನಮ್ಮ ಶಾಂತವ್ವನ ಮದಿವ್ಯಾಗ ಸಾವಿರದ್ದು ಮಾಡಿದ್ರು."

"ಮಾವಾರ," ಎಂದಳು ಜಯಾ. "ಕಡಾಯಿಗೆ ಸೂತಕ ಐತಿ. ಆಯಾರಕ್ಕ ಸೂತಕ ಇಲ್ಲೇನ್ರಿ?"

ಶಿದ್ದಪ್ಪ ಕನ್ನಡಕ ತೆಗೆದ.

"ತಪ್ಪ ತಿಳೀಬ್ಯಾಡ್ರಿ. ಆರು ವರ್ಷದಾಗ ನಾವು ಮಾಡಿದ ಆಯಾರ ನಾ ನೆನಪಿಟ್ಟೇನಿ. ಮೂವತ್ತಾರು ಸಾವಿರ ಆಗೇತಿ. ಅದನ್ನ ಅಸಲಿಗೆ ಹಾಕಿದ್ರ ಇವತ್ತ ಇಪ್ಪತ್ತು ಸಾವಿರಾನೂ ಉಳೀತಿದ್ದಿಲ್ಲ. ಎಣ್ಣಿ ಬೆಲ್ಲ ಬಿಟ್ಟು ನಾವು ಉಳಿಸಿದ್ದೆಷ್ಟ್ರಿ? ನಮ್ಮ ಬಾಯಿ ಕಟ್ಟಿದ್ದು ಸಾಲಕ್ಕ ಹೋಗಿಲ್ರಿ, ಮಂದಿ ಮೈಮ್ಯಾಲ ಸೀರಿ ಆಗಿ ಹೋಗೇತಿ."

"ಸೊಸಿ ಲೆಕ್ಕ ಹೇಳಾಕತ್ಲೇನಪಾ!" ಶಿದ್ದಪ್ಪ ಮಗನ ಕಡೆ ತಿರುಗಿದ. "ಆಯಾರ ಅಂದ್ರ ಮಾನ. ಕೊಟ್ಟವ್ರಿಗೆ ತಿರುಗಿ ಕೊಡ್ಲಿಲ್ಲಂದ್ರ ನಾಳಿ ನಮ್ಮ ಹೆಣಾ ಹೊರಾಕ ಯಾರ ಬರ್ತಾರ?"

"ಅದಿರ್ಲಿ ಬಿಡ್ರಿ. ಅತ್ತ್ಯಾರು ಒಂದ ಕಡಬ ಕೇಳ್ಯಾರ. ಡಾಕ್ಟರು ಹೇಳಿದ್ದು ನಿಮಗ ಗೊತ್ತೈತಿ."

ಶಿದ್ದಪ್ಪ ಲಗ್ನಪತ್ರಿಕೆಯನ್ನು ಮಡಚಿಟ್ಟ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ಇತ್ತು. ಅವಳ ಗುಳಿಗೆಯನ್ನು ಅವನೇ ನೀರಲ್ಲಿ ಅರೆದು ಕುಡಿಸುತ್ತಿದ್ದ. ಪ್ರೀತಿಯಿದ್ದವನೂ ಇಂಥದ್ದನ್ನು ಮಾಡಬಲ್ಲನೆಂಬುದೇ ಈ ಪದ್ಧತಿಯ ಕ್ರೌರ್ಯ. ಕೊನೆಗೆ ಅವನೆಂದ: "ನಮ್ಮಪ್ಪ ಕಡಾಯಿ ಇಳಿಸದ ಸತ್ತ. ನಾ ಇಳಿಸಿದ್ರ ಮಂದಿ ಏನಂದಾರು? ಸಾಲಗಾರನ ಮನ್ಯಾಗ ಕಡಬದ ವಾಸನಿ ಬಂತು ಅಂತ ಓಣಿ ತುಂಬ ಉಗುಳ್ತಾರ. ಆಕಿಗೆ ಹೇಳು, ಸೂತಕ ಹರದ ಮ್ಯಾಲ ಒಂದಲ್ಲ, ನೂರ ತಿನ್ನಲಿ."

ಹನಮೇಶ ಮರುದಿನ ದುರ್ಗದಬೈಲಿನಿಂದ ಹನ್ನೆರಡು ನೂರರ ಸೀರೆ ಧೋತರ ತಂದ.

ಕಾರ ಹುಣ್ಣಿಮೆಯ ದಿನ ಓಣಿಯ ಎಲ್ಲ ಮನೆಗಳಿಂದ ಕರಿದ ಕಡಬಿನ ಕಂಪು ಬಂತು. ಹೊಳೆವ್ವ ಹಾಸಿಗೆಯಿಂದ ಮೂಗು ಎತ್ತಿ, "ಎಡಗಡೆ ಮನಿಯವ್ರು ಏಲಕ್ಕಿ ಹೆಚ್ಚ ಹಾಕ್ಯಾರ," ಎಂದಳು. ಆಮೇಲೆ, "ಬಲಗಡೆಯವ್ರ ಬೆಲ್ಲ ಛಲೋ ಐತಿ," ಎಂದಳು. ನಾಲ್ಕು ದಿನಕ್ಕೆ ಅವಳ ಮಾತು ನಿಂತಿತು. ಐದನೆಯ ದಿನ ಮುಂಜಾನೆ ಅಂಗಳಕ್ಕೆ ನೀರು ಬೀಳಲಿಲ್ಲ.

ದೇವರೇ, ನೀನು ನಾಲಿಗೆಗೆ ರುಚಿ ಕೊಟ್ಟೆ. ಕಬ್ಬಿನಲ್ಲಿ ಸಿಹಿ ಇಟ್ಟೆ, ಕುಸುಬೆಯಲ್ಲಿ ಎಣ್ಣೆ ಇಟ್ಟೆ. ನಿನ್ನ ಮುಂದೆ ದಿನಾ ಗಂಟೆ ಬಾರಿಸುವವನು ನೀನು ಕೊಟ್ಟದ್ದನ್ನು ಸಾಯುವವಳ ಬಾಯಿಗೆ ಬೀಳಗೊಡಲಿಲ್ಲ. ಅದನ್ನು ಅವನು ಭಕ್ತಿಯೆಂದು ತಿಳಿದಿದ್ದ.

ಹೊಳೆವ್ವ ಸತ್ತ ಎಂಟನೆಯ ದಿನ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಅಮ್ಮಿನಬಾವಿಯಿಂದ ನಾಲ್ವರು ಬಂದಿದ್ದರು. ನಡುವೆ ಫಕ್ಕೀರಪ್ಪ, ಕಂಕುಳಲ್ಲಿ ಚೀಲ. ಹನ್ನೊಂದನೆಯ ದಿನದ ಊಟದ ಮಾತು ನಡೆದಿತ್ತು.

"ಮುತ್ತೈದಿ ಸಾವು, ಶಿದ್ದಣ್ಣಾ. ಸಣ್ಣದಾಗಿ ಮಾಡಿದ್ರ ಶೋಭಾ ಅಲ್ಲ," ಎಂದ ಫಕ್ಕೀರಪ್ಪ. "ಹೊಳೆವ್ವಕ್ಕಗ ಕರಿಗಡಬ ಭಾಳ ಸೇರತಿದ್ವು. ಐನೂರ ಮಂದಿಗೆ ಕಡಬ ಹಾಕ್ಸೂಣು. ಆಕಿ ಆತ್ಮ ತಣ್ಣಗಾಗ್ತೈತಿ. ರೊಕ್ಕದ ಚಿಂತಿ ಬ್ಯಾಡ, ಇಪ್ಪತ್ತ ಸಾವಿರ ತಂದೇನಿ."

"ಹೌದ ಹೌದ. ಸತ್ತವರಿಗೆ ಇಷ್ಟ ಆಗಿದ್ದನ್ನ ಹಾಕ್ಬೇಕು," ಎಂದರು ಅಮ್ಮಿನಬಾವಿಯವರು.

ಶಿದ್ದಪ್ಪ ಕಣ್ಣೀರು ಒರೆಸಿಕೊಂಡು ತಲೆ ಆಡಿಸಿದ. ಫಕ್ಕೀರಪ್ಪ ಚೀಲದಿಂದ ಕಾಗದ ತೆಗೆದು ಹನಮೇಶನ ಮುಂದೆ ಇಟ್ಟ. ಹನಮೇಶ ಪೆನ್ನು ತೆಗೆದುಕೊಂಡ.

ಜಯಾ ಅಡುಗೆಮನೆಯಿಂದ ಹೊರಗೆ ಬಂದಳು. ತಲೆಯ ಮೇಲಿನ ಸೆರಗು ಸರಿದಿರಲಿಲ್ಲ, ದನಿಯೂ ಏರಿರಲಿಲ್ಲ.

"ಮಾವಾರ, ಸಾಲ ಹರದಿಲ್ಲಲ್ರಿ. ಎಣ್ಣಿ ಹೆಂಗ ಕಾಸ್ತೀರಿ?"

"ಇದು ಬ್ಯಾರೇವಾ. ಇದು ಸತ್ತವರ ಸಲುವಾಗಿ."

"ಹಂಗಾರ ಈ ಮನ್ಯಾಗ ಒಂದ ಕಡಬ ಸಿಗಬೇಕಂದ್ರ ಸಾಯಬೇಕೇನ್ರಿ?"

ಅಮ್ಮಿನಬಾವಿಯ ಒಬ್ಬ ಮುದುಕ, "ಎಲ್ಲಾರೂ ಕುಂತಲ್ಲಿ ಸೊಸಿ ಬಾಯಿ ಮಾಡೂದು ನಮ್ಮ ಮನೆತನದಾಗ ಇಲ್ಲ," ಎಂದು ಗೊಣಗಿದ.

"ಇರ್ಲಿಲ್ಲ ಅಂತಲೇ ನಮ್ಮ ಅತ್ತ್ಯಾರು ಒಂದ ಕಡಬ ತಿನ್ನದ ಹೋದ್ರು," ಎಂದಳು ಜಯಾ. ಈಗ ಅವಳ ದನಿ ಏರಿತು. "ಒಂದ ಹಿಡಿ ಬ್ಯಾಳಿ, ಒಂದ ಹಳಕ ಬೆಲ್ಲ, ಪಾವಕಿಲೋ ಎಣ್ಣಿ. ಅಷ್ಟಕ್ಕ ನಮ್ಮ ಮಾನ ಹೋಗತಿತ್ತು. ಈಗ ಅವರ ಹೆಸರ ಹೇಳಿ ಐನೂರ ಮಂದಿ ತಿಂದ್ರ, ಇಪ್ಪತ್ತ ಸಾವಿರ ಹೊಸಾ ಸಾಲ ಆದ್ರ, ಮಾನ ಉಳೀತೈತಿ! ನಾ ಒಪ್ಪಂಗಿಲ್ರಿ. ಇವರು ಸಹಿ ಮಾಡಿದ್ರ ಮಾಡ್ಲಿ. ನಾ ನನ್ನ ಮಗಳ ಕೈ ಹಿಡದು ಈ ಮನಿ ಇಳೀತೇನಿ."

ಫಕ್ಕೀರಪ್ಪ ನಕ್ಕ. "ತಂಗೀ, ಹಳೇ ಸಾಲ ಯಾರ ಹರೀತಾರ? ಕಡಬ ತಿನ್ಕೊಂತ ಕುಂತ್ರ ಹರೀತೈತೇನು?"

"ಹರೀತೈತ್ರಿ, ಕಾಕಾ. ನಿಮ್ಮ ಒಂದ ಪೈಸಾ ಮುಳುಗ್ಸೂದಿಲ್ಲ. ಮಾಬೂಬಿಕ್ಕನ ಅಳಿಯನ ಅಂಗಡ್ಯಾಗಿಂದ ಸೀರಿ ತಂದು ಫಾಲ್ ಹಚ್ಚತೇನಿ. ಆಯಾರ ಇವತ್ತಿಗೆ ಬಂದ್; ಯಾರ ಮದಿವಿಗಾದ್ರೂ ಒಂದ ಕಾಯಿ, ಒಂದ ಜಂಪರ್ ಬಟ್ಟಿ. ತಿಂಗಳ ಮೊದಲ ನಿಮ್ಮ ಪಾಲು, ಬಡ್ಡಿ ಅಷ್ಟ ಅಲ್ಲ, ಅಸಲೂ. ಅದನ್ನ ಕೊಟ್ಟ ಮ್ಯಾಲ ಹುಣ್ಣಿವಿಗೊಮ್ಮೆ ನನ್ನ ಒಲಿ ಮ್ಯಾಲ ಕಡಾಯಿ ಏರ್ತೈತಿ. ನನ್ನ ಮಗಳು ಜೋಕಾಲಿ ಆಡ್ತಾಳ. ಸಾಲ ನಾವು ಮಾಡೇವಿ, ತೀರಸ್ತೇವಿ. ಸಾಲ ತೀರಿಸೂ ಮಂದಿ ಸತ್ತವರಂಗ ಯಾಕಿರಬೇಕ್ರಿ?"

"ಮಂದಿ ಉಗುಳ್ತಾರ," ಎಂದ ಶಿದ್ದಪ್ಪ ಕ್ಷೀಣವಾಗಿ.

"ಉಗುಳವ್ರು ಬಡ್ಡಿ ಕಟ್ಟತಾರೇನ್ರಿ?"

ಹನಮೇಶ ಎದ್ದ. ಪೆನ್ನನ್ನು ಕಾಗದದ ಮೇಲೆ ಇಟ್ಟ. ಅಡುಗೆಮನೆಗೆ ಹೋದ. ಮೊಳೆ ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡಿತ್ತು. ಕಡಾಯಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಾಗ ಮೊಳೆ ಒಂದು ಹಿಡಿ ಮಣ್ಣಿನ ಸಮೇತ ಕಿತ್ತು ಬಂತು. ಹೊಗೆ ಹಿಡಿದು ಕರಿದಾಗಿದ್ದ ಆ ಗೋಡೆಯಲ್ಲಿ ಕಡಾಯಿಯಷ್ಟು ಜಾಗ ಮಾತ್ರ ಬೆಳ್ಳಗಿತ್ತು.

ಹನ್ನೊಂದನೆಯ ದಿನ ಐನೂರು ಮಂದಿ ಬರಲಿಲ್ಲ. ಅಮ್ಮಿನಬಾವಿಯವರು ಸಿಟ್ಟು ಮಾಡಿಕೊಂಡು ಮನೆಯಲ್ಲೇ ಉಳಿದರು. ಶಾಂತವ್ವ ಗಂಡನೊಂದಿಗೆ ಬಂದಳು, ಮಾಬೂಬಿ ಬಂದಳು. ಮಾಬೂಬಿ ಹುಣಸೆಹಣ್ಣು ಬೂದಿ ಹಚ್ಚಿ ಆರು ವರ್ಷದ ತುಕ್ಕನ್ನು ತಿಕ್ಕಿ ತಿಕ್ಕಿ ಬಿಡಿಸಿದಳು. ಎಣ್ಣೆ ಕಾಯಿತು. ಮೊದಲ ಕಡಬು ಉಬ್ಬಿ ಮೇಲೆ ತೇಲಿದಾಗ ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೋಡಿದಳು.

"ಹೊಳೆವ್ವಕ್ಕನ ಎಡಿಗೆ ಮೊದಲ ಇಡವ್ವಾ," ಎಂದಳು ಮಾಬೂಬಿ.

"ಮೊದಲ ಬಾಯಿ ಇದ್ದವ್ರು ತಿನ್ನಲಿ," ಎಂದು ಜಯಾ ಅದನ್ನು ಮಗಳ ಕೈಗೆ ಕೊಟ್ಟಳು.

ಭುವನೇಶ್ವರಿ ಅದನ್ನು ಲಂಗದಲ್ಲಿ ಮುಚ್ಚಿಕೊಂಡು, ಹೊರಗಿನ ಕಟ್ಟೆಯ ಕಡೆಗೊಮ್ಮೆ ನೋಡಿ, ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಜಯಾಳ ಕೈಯೊಳಗಿನ, ಕಡಬು ಎತ್ತುವ ಝಾರಿ ಅಲ್ಲೇ ನಿಂತಿತು. ಹೋಗಿ ಮಗಳ ಭುಜ ಹಿಡಿದು ತಿರುಗಿಸಿದಳು.

"ಬಾಗಲಾ ಕಡೆ ಮುಖ ಮಾಡಿ ತಿನ್ನು."

ಹುಡುಗಿ ಕಚ್ಚಿದಳು. ನಾಲಿಗೆ ಸುಟ್ಟಿತು. "ಹಾ!" ಎಂದು ಬಾಯಿ ಬಿಟ್ಟು ಗಾಳಿ ಎಳೆದುಕೊಂಡಳು. ಕಟ್ಟೆಯ ಮೇಲಿದ್ದ ಶಿದ್ದಪ್ಪನಿಗೂ ಅದು ಕೇಳಿಸಿತು. ಅವನು ಒಳಗೆ ಬರಲಿಲ್ಲ. ಅವತ್ತು ರೊಟ್ಟಿ ಚಟ್ನಿ ಅಷ್ಟೇ ತಿಂದ. ಮುಂದಿನ ಹುಣ್ಣಿಮೆಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ.

ಸೀರೆಗೆ ಫಾಲ್ ಹಚ್ಚಿ ಹಚ್ಚಿ ಜಯಾಳ ಬೆರಳು ತೂತಾದವು. ಆಯಾರ ನಿಂತದ್ದಕ್ಕೆ ಎರಡು ವರ್ಷ ಬಳಗದವರು ಮಾತು ಬಿಟ್ಟರು; ಮೂರನೆಯ ವರ್ಷ ಅವರಲ್ಲೇ ಇಬ್ಬರು ಸೊಸೆಯಂದಿರು ಗುಟ್ಟಾಗಿ ಬಂದು, "ಅಕ್ಕಾ, ನೀ ಹೆಂಗ ಮಾಡಿದಿ, ನಮಗೂ ಹೇಳ," ಎಂದು ಕೇಳಿ ಹೋದರು. ಆ ಮೂರು ವರ್ಷದಲ್ಲಿ ಪಂಚಮಿಗೆ ಭುವನೇಶ್ವರಿಯ ಜೋಕಾಲಿ ತಪ್ಪಲಿಲ್ಲ, ಫಕ್ಕೀರಪ್ಪನ ಒಂದು ಕಂತೂ ತಪ್ಪಲಿಲ್ಲ.

೨೦೦೬ರ ಯುಗಾದಿಯ ಮುನ್ನಾದಿನ ಕೊನೆಯ ಕಂತು ಮುಟ್ಟಿತು. ಫಕ್ಕೀರಪ್ಪ ಕಾಗದ ಹರಿದು ಕೈಗೆ ಕೊಟ್ಟ. ಅಂದು ಎಲ್ಲರ ಚಹಾಕ್ಕೂ ಸಕ್ಕರೆ ಇತ್ತು. ಫಕ್ಕೀರಪ್ಪನಿಗೇ ಅದು ಯಾಕೋ ರುಚಿಸಲಿಲ್ಲ.

ಅವನು ಹೋದ ಮೇಲೆ ಶಿದ್ದಪ್ಪ ಗೋಡೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದ. ಎದೆ ನಿಗುರಿಸಿ ಹೇಳಿದ: "ಇವತ್ತ ಸೂತಕ ಹರೀತು. ಕಡಾಯಿ ಇಳಿಸ್ರಿ."

"ಅಜ್ಜಾ," ಎಂದಳು ಹನ್ನೊಂದು ವರ್ಷದ ಭುವನೇಶ್ವರಿ, "ಕಡಾಯಿ ಇಳದು ಮೂರು ವರ್ಷಾತಲ್ಲ!"

ಶಿದ್ದಪ್ಪ ಗೋಡೆ ನೋಡಿದ. ಬೆಳ್ಳಗಿದ್ದ ಗುಂಡನೆಯ ಜಾಗವೂ ಈಗ ಹೊಗೆ ಹಿಡಿದು ಉಳಿದ ಗೋಡೆಯಂತೆಯೇ ಆಗಿತ್ತು. ಅವನ ಎದೆ ಇಳಿಯಿತು. "ನನಗೊಂದ ಕಡಬ ಕೊಡವಾ," ಎಂದ.

ಬೆಳಿಗ್ಗೆ ಹಬ್ಬಕ್ಕೆಂದು ಕರಿದಿಟ್ಟು ಆಗಲೇ ತಣ್ಣಗಾಗಿದ್ದ ಕಡಬೊಂದನ್ನು ಜಯಾ ಕೊಟ್ಟಳು. ಮುದುಕ ಅದನ್ನು ಎರಡು ತುಂಡು ಮಾಡಿದ. ಒಂದನ್ನು ತೆಗೆದುಕೊಂಡು ಹೋಗಿ ಹೊಳೆವ್ವನ ಫೋಟೋದ ಮುಂದೆ ಇಟ್ಟ. ಕೈ ಮುಗಿದ. ಆಮೇಲೆ ಸೊಸೆಯ ಮುಖ ನೋಡಿದ. ಅವಳು ಏನಾದರೂ ಒಂದು ಒಳ್ಳೆಯ ಮಾತು ಆಡಲೆಂದು ನೋಡಿದ.

ಜಯಾಳಿಗೆ ಮಾವನ ಮೇಲೆ ಕನಿಕರ ಬಂತು. ಆದರೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇದು ನಿಮ್ಮ ಪಾಲು, ಮಾವಾರ, ಪೂರಾ ನೀವ ತಿನ್ರಿ," ಎಂದಳು. "ಅತ್ತ್ಯಾರು ಕೇಳಿದ್ದು ಬಿಸೀದು."